ಹದಿನೆಂಟು ಇಂಚು

ಗಂಜಿನ ಹಿಂದಿನ ದಾಲ್ ಮಿಲ್ಲು ಕೆಡವಿದ ಮೇಲೆ
ಉಳಿದದ್ದು ಲಾರಿ ತೂಗುವ ಕಬ್ಬಿಣದ ಹಾಸು,
ಮೊಣಕಾಲೆತ್ತರದ ಪಾಯ, ಒಂದು ಬೇವು,
ಹೋಗಲೊಲ್ಲದ ತೊಗರಿ ಹೊಟ್ಟಿನ ವಾಸನೆ.
ಅಲ್ಲಿ ಹದಿನೇಳು ಮಹಡಿ ಬರೆಯಬೇಕು ನಾನು:
ಕೆಳಗೆ ಅಂಗಡಿ, ಬ್ಯಾಂಕು; ನಡುವೆ ದವಾಖಾನೆ, ಕಚೇರಿ;
ಮೇಲೆ ಮನೆ, ಮನೆಯ ಮೇಲೆ ಮನೆ,
ತುದಿಗೆ ನೀರಿನ ಟಾಕಿ.

ನಾಲ್ಕನೆಯದನ್ನು ಪೂರಾ ಖಾಲಿ ಬಿಟ್ಟಿದ್ದೆ.
ಗೋಡೆ ಇಲ್ಲ. ಕಂಬ, ಗಾಳಿ, ಕಲ್ಲುಹಾಸು.
‘ಊರಿನವರಿಗೆ’ ಅಂತ ಬರೆದಿದ್ದೆ, ಅಷ್ಟೆ.
ಅಣವೀರಪ್ಪ ಸಾಹುಕಾರರು ಅಲ್ಲೇ ಬೆರಳಿಟ್ಟರು:
“ಊರಿನವರು ಅಂದ್ರ ಯಾರವ್ವ?
ಬಾಡಿಗಿ ಚೀಟಿ ಯಾರ ಹೆಸರಿಗೆ ಬರೀಲಿ?”

ಉತ್ತರ ಬರಲಿಲ್ಲ.
ಮೇ ತಿಂಗಳ ಮೂರು ಗಂಟೆಗೆ ಸೈಟಿಗೆ ಹೋದೆ,
ಅಳತೆ ತಪ್ಪಿದೆ ಎಂಬ ನೆಪ ಹೇಳಿ.
ನಲವತ್ತನಾಲ್ಕು ಡಿಗ್ರಿ. ಟೇಪು ಕೈ ಸುಟ್ಟಿತು.

ಹಳೆಯ ಪಾಯದ ಮೇಲೆ ಹಮಾಲರು, ಸಾಲಾಗಿ,
ಬೇವಿನ ನೆರಳು ಎಷ್ಟಿದೆಯೋ ಅಷ್ಟರಲ್ಲೇ.
ನೆರಳು ಒಂದು ಗೇಣು ಸರಿದರೆ ಸಾಲೂ ಒಂದು ಗೇಣು,
ಮಾತು ಕಡಿಯದ ಹಾಗೆ.
ಲಾಡ್ಲೇಸಾಬ ಹೆಗಲ ವಸ್ತ್ರದಿಂದ ಕಲ್ಲು ಒರೆಸಿ ಜಾಗ ಕೊಟ್ಟ.
ಕುಂತೆ. ಹಿಮ್ಮಡಿ ನೆಲಕ್ಕೆ, ಬೆನ್ನು ತನ್ನಷ್ಟಕ್ಕೆ ಸಡಿಲ.
ಟೇಪು ಬಿಟ್ಟು ನೋಡಿದೆ: ಹದಿನೆಂಟು ಇಂಚು.
ಕಟ್ಟಿದವನಿಗೂ ಗೊತ್ತಿರಲಿಕ್ಕಿಲ್ಲ,
ಹತ್ತುವ ಮೆಟ್ಟಿಲಿಗೆ ಆರಾದರೆ
ಕೂಡುವ ಕಲ್ಲಿಗೆ ಅದರ ಮೂರರಷ್ಟು.

ಹೆಂಗಸರು?
ಅವರು ಮರದಿಂದ ಹತ್ತು ಮಾರು ಆಚೆ, ನಿಂತೇ,
ಬೇಳೆ ಕೇರುವ ಮೊರ ತಲೆಯ ಮೇಲಿಟ್ಟು
ಆಟೋ ಕಾಯುತ್ತಿದ್ದರು. ಮೊರದಷ್ಟೇ ನೆರಳು.
“ಇತ್ತ ಬರ್ರಿ, ಜಾಗ ಅದ” ಅಂದೆ.
ಸಿದ್ರಾಮವ್ವ ಎಲೆಯಡಿಕೆ ಒಂದು ದವಡೆಗೆ ಸರಿಸಿ,
“ಜಾಗ ಎಲ್ಲಾ ಕಡಿ ಅದ ತಂಗಿ.
ಕುಂತ ಮ್ಯಾಲ ‘ಏಳು’ ಅನ್ನೋರು ಇರಬಾರ್ದು ನೋಡು.”

ಆ ರಾತ್ರಿ ನಾಲ್ಕನೆಯದಕ್ಕೆ ಮತ್ತೆ ಕೈ ಹಾಕಿದೆ.
ಲಿಫ್ಟು ಅಲ್ಲಿಗೆ ಒಯ್ಯುತ್ತದೆ, ಸರಿ;
ಲಿಫ್ಟಿನ ಬಾಗಿಲಲ್ಲಿ ಖಾಕಿ ತೊಟ್ಟು ನಿಲ್ಲುವವನು
ಹುಬ್ಬೇರಿಸಿದರೆ ಅದನ್ನು ಯಾವ ರಬ್ಬರಿನಿಂದ ಅಳಿಸಲಿ?
ನೆಲದ ಹೊಳಪು ಕಂಡೇ ವಾಪಸಾಗುವ ಕಾಲುಗಳಿವೆ.
ಹೊಳಪು ತೆಗೆದೆ: ಶಹಾಬಾದ್ ಕಲ್ಲು, ಪಾಲಿಷ್ ಬೇಡ.
ರಸ್ತೆಯಿಂದಲೇ ಏರುವ ಒಂದು ಇಳಿಜಾರು ದಾರಿ,
ಕಟ್ಟಡಕ್ಕೆ ಸುತ್ತಿಕೊಂಡು, ಎಲ್ಲಿಯೂ ಬಾಗಿಲಿಲ್ಲ.
ಬಾಗಿಲೇ ಇಲ್ಲದ ಮೇಲೆ ಕಾಯುವವನು
ಎಲ್ಲಿ ನಿಲ್ಲಬೇಕು, ಪಾಪ.

ಸಾಹುಕಾರರು ಮುಕ್ಕಾಲು ಪಾಲು ಕಡಿದರು.
ಜಿಮ್ಮು ಬಂತು, ಪಾರ್ಟಿ ಹಾಲು ಬಂತು.
ನನಗೆ ಉಳಿದದ್ದು ಮೂಡಣ ಮೂಲೆ,
ಮತ್ತೆ ಆ ದಾರಿ. “ಬೆಂಕಿ ಹತ್ತಿದರೆ ಇಳಿಯಲಿಕ್ಕೆ” ಅಂದೆ.
ಬೆಂಕಿಗೆ ಹೆದರುವ ಮನುಷ್ಯ, ಒಪ್ಪಿದರು.

ಒಂದು ಸುಳ್ಳಿಗೆ ಇನ್ನೊಂದು ಜೊತೆ ಬೇಕಲ್ಲ:
ರಸ್ತೆಯ ಅಂಚಿಗೆ, ಬೇವನ್ನು ಬಳಸಿ,
ಉದ್ದಕ್ಕೂ ಹದಿನೆಂಟು ಇಂಚಿನ ಕಲ್ಲು ಎಳೆದು
ನಕ್ಷೆಯಲ್ಲಿ ‘ಪಾಯದ ರಕ್ಷಣೆ’ ಎಂದು ಹೆಸರಿಟ್ಟೆ.
ಪಾಲಿಕೆಯ ಇಂಜಿನಿಯರು ಕನ್ನಡಕ ಏರಿಸಿದರು.
“ಇಷ್ಟು ಎತ್ತರ ಯಾಕ್ರೀ ಮೇಡಂ?”
“ನೀರು ನುಗ್ಗಿದರೆ ಅಂತ, ಸರ್.”
“ಕಲಬುರಗ್ಯಾಗ! ನೀರು!”
ನಕ್ಕು ನಕ್ಕು ಕೆಮ್ಮು ಬಂದು,
ಕೆಮ್ಮುತ್ತಲೇ ಸಹಿ ಎಳೆದರು.

ಈಗ ಆರನೇ ಸ್ಲ್ಯಾಬು ಎದ್ದಿದೆ.
ಕಟ್ಟೆ ಇನ್ನೂ ಬರೀ ಸುಣ್ಣದ ಗೆರೆ.
ಹದಿನೇಳರ ನೆರಳು ಸಂಜೆ ಎಲ್ಲಿಗೆ ಮುಟ್ಟುತ್ತದೆಂದು
ಲೆಕ್ಕ ಹಾಕಿಟ್ಟಿದ್ದೇನೆ: ರಸ್ತೆ ದಾಟಿ,
ಸೈಕಲ್ ರಿಪೇರಿ ದಾಟಿ, ಆಟೋ ಸ್ಟ್ಯಾಂಡಿನವರೆಗೆ.
ಅದನ್ನು ಕಡಿಯಲು ಇನ್ನೂ ಯಾರೂ ಹೇಳಿಲ್ಲ.

ನಿನ್ನೆ ಹೋದಾಗ
ಗೆರೆಯ ಮೇಲೆ ಸಿಮೆಂಟು ಚೀಲ ಹಾಸಿ
ಸಿದ್ರಾಮವ್ವ ಬುತ್ತಿ ಬಿಚ್ಚಿದ್ದಳು.
ಹೊಸ ವಾಚ್‌ಮನ್ ಕೋಲು ಆಡಿಸುತ್ತ ಅತ್ತಲೇ ನಡೆದ.
ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿ ಹಿಡಿದು ನಿಂತೆ.
ಅವನು ಬಗ್ಗಿ, ರೊಟ್ಟಿಯ ಕಡೆ ನೋಡಿ,
“ಉಳ್ಳಾಗಡ್ಡಿ ಅದ ಏನಬೇ?” ಅಂದ.